ಬಲಗಣ್ಣಿನ ಟಪಾಲು

ಮೊದಲು ಕಂಡದ್ದು ಅಂದುಂಞಿಚ್ಚನಿಗೆ.
ಬೆಳಗ್ಗೆ ಹತ್ತೂಕಾಲು, ಚೀಲ ಬಿಚ್ಚಿ
ಕಾಗದಗಳಿಗೆ ಠಸ್ಸೆ ಹೊಡೆಯುತ್ತಿದ್ದವರು
ಕೈ ಗಾಳಿಯಲ್ಲೇ ನಿಲ್ಲಿಸಿ ಅಂದರು:
"ಜಲಜಾಕ್ಷಿ, ನಿನ್ನ ಕಣ್ಣಿನಲ್ಲಿ
ಎಂತದೋ ನಡೆಯುತ್ತಾ ಉಂಟು."

ನಡೆಯುವುದಾ? ನಾನು ನಕ್ಕೆ.
ಮೂರು ದಿನದಿಂದ ಕೆಂಪು, ತುರಿಕೆ,
ಧೂಳೋ ಹೊಗೆಯೋ ಅಂತ
ತಣ್ಣೀರು ಚಿಮುಕಿಸಿ ಸುಮ್ಮನಿದ್ದೆ.
ಆಫೀಸಿನಲ್ಲಿ ಕನ್ನಡಿ ಇಲ್ಲ.
ತೂಕದ ಯಂತ್ರದ ಸ್ಟೀಲ್ ತಟ್ಟೆಗೆ ಮುಖ ಬಗ್ಗಿಸಿದೆ
(ನನ್ನ ಉಸಿರಿಗೆ ಅದು ಎರಡು ಗ್ರಾಂ ತೋರಿಸಿತು).
ಬಿಳಿಯ ಮೇಲೆ ಬಿಳಿ,
ಹೊಲಿಗೆ ದಾರದಷ್ಟು ಸಪೂರ,
ಕರಿಗುಡ್ಡೆಯ ದಡ ಹಿಡಿದು
ಬಳಸಿ ಬಳಸಿ ಹೋಗುತ್ತಿತ್ತು
ಯಾವ ಮನೆಯೆಂದು ಗೊತ್ತಿಲ್ಲದವರ ಹಾಗೆ.

ಆ ನಡಿಗೆ ನನಗೆ ಗೊತ್ತು.
ಹೊಸತರಲ್ಲಿ ನಾನೂ ಹಾಗೇ ನಡೆದವಳು
ಪೈವಳಿಕೆ, ಬಾಯಾರು, ಕುರುಡಪದವು
(ನಗಬೇಡಿ, ಹಾಗೊಂದು ಊರು ಉಂಟು).
ಕನ್ನಡದಲ್ಲಿ ಬರೆದ ಮನೆಹೆಸರು,
ಮಲಯಾಳದಲ್ಲಿ ಅಚ್ಚಾದ ಪಂಚಾಯತು,
ತುಳುವಿನಲ್ಲಿ ಕೇಳಿದರೆ ಮಾತ್ರ ಸಿಗುವ ಬಾಗಿಲು.
ಒಂದೇ ಗುಡ್ಡೆಯಲ್ಲಿ ನಾಲ್ಕು ಮಂದಿ ಐತಪ್ಪ.

ಕಾಸರಗೋಡಿನ ಆಸ್ಪತ್ರೆಯಲ್ಲಿ ದೀಪ ಹಿಡಿದರು.
ಅಡಗಿತು.
"ಹೊರಗೆ ಕೂತಿರಿ, ಕಂಡಾಗ ಕೂಗಿ."
ಎರಡು ಗಂಟೆ ಬೆಂಚು.
ಪೊರೆ ತೆಗೆಸಲು ಬಂದ ಅಜ್ಜಿಯೊಬ್ಬಳು
ತನ್ನ ಅರೆಗಣ್ಣಿನಿಂದ
ನನ್ನ ಕಣ್ಣಿನ ಕಾವಲಿಗೆ ಕೂತಳು.
"ಬಂತು! ಬಂತು!" ಅಂತ ಬೊಬ್ಬೆ ಹಾಕಿದ್ದೂ ಅವಳೇ.

"ಅನಂಗಲ್ಲೇ," ಅಂದರು ಡಾಕ್ಟರ್ ರಂಸೀನಾ. ಅಲುಗಬೇಡ.
ಮರಗಟ್ಟಿಸುವ ನಾಲ್ಕು ಹನಿ.
ನೋಡುವ ಕಣ್ಣಿನಿಂದ, ನೋಡುನೋಡುತ್ತಾ
ಎಳೆದರು. ನೋವಿಲ್ಲ.
ಲಂಗದ ಲಾಡಿ ಒಳಗಿನಿಂದ ಜಾರಿದ ಹಾಗೆ,
ಮುಗಿಯುವುದೇ ಇಲ್ಲ.
ಹನ್ನೊಂದು ಸೆಂಟಿಮೀಟರ್.
ಬಾಟಲಿಯಲ್ಲೂ ಅದು ಬರೆಯುತ್ತಿತ್ತು,
ಒಂದು ಸೊಟ್ಟ ಸೊನ್ನೆ, ಒಂದು ಕೊಂಬು,
ಕನ್ನಡದ್ದೋ ಮಲಯಾಳದ್ದೋ
ಹೇಳುವ ಮೊದಲೇ ಅಳಿಸುತ್ತಿತ್ತು.

"ಇದು ನಾಯಿಯ ಹುಳು.
ಅದರ ಚರ್ಮದಡಿ ಸಂಸಾರ ಮಾಡುವಂಥದ್ದು.
ಸೊಳ್ಳೆ ತಂದು ನಿನ್ನಲ್ಲಿ ಹಾಕಿದೆ.
ಮನುಷ್ಯರಲ್ಲಿ ಇದಕ್ಕೆ ಮಕ್ಕಳುಮರಿ ಆಗುವುದಿಲ್ಲ,
ಸುಮ್ಮನೆ ತಿರುಗುತ್ತದೆ. ಹೆದರಬೇಡ."

ಹೆದರಿಕೆ ಅಲ್ಲ ಡಾಕ್ಟ್ರೇ,
ಅಂತ ಹೇಳಲು ಹೋಗಿ ಬಿಟ್ಟೆ.
ತಿಂಗಳುಗಟ್ಟಲೆಯಂತೆ.
ಕಾಲಿನಿಂದಲೋ ತೋಳಿನಿಂದಲೋ ಹೊರಟು
ಒಬ್ಬಳೇ (ಹೆಣ್ಣೆಂದು ರಿಪೋರ್ಟಿನಲ್ಲಿ ಬರೆದಿತ್ತು)
ನಾನು ಪಿಂಚಣಿ ದುಡ್ಡು ಎಣಿಸುವಾಗ,
ಸ್ಕೂಟರಿನಲ್ಲಿ ಏರು ಹತ್ತುವಾಗ,
ಮಗಳ ತಲೆ ಬಾಚುವಾಗ,
ನಿದ್ದೆಯಲ್ಲಿ,
ನನ್ನೊಳಗೆಲ್ಲ ಒಂದು ನಾಯಿಯನ್ನು ಹುಡುಕುತ್ತಾ.

ಅಂಥವಕ್ಕೆ ನಮ್ಮಲ್ಲೊಂದು ಮೊಹರು ಉಂಟು:
ವಿಳಾಸದಾರರು ಸಿಗಲಿಲ್ಲ, ಕಳಿಸಿದವರಿಗೆ ವಾಪಸು.
ಕಳಿಸಿದವರು ಯಾರು?
ಆಫೀಸಿನ ಜಗಲಿಯಲ್ಲಿ ಒಂದು ಕಂದು ನಾಯಿ,
ನಾನು ಬುತ್ತಿ ಬಿಚ್ಚಿದರೆ ಏಳುತ್ತದೆ, ಮುಚ್ಚಿದರೆ ಮಲಗುತ್ತದೆ.
ಒಂದೇ ಮಧ್ಯಾಹ್ನ, ಒಂದೇ ಸೊಳ್ಳೆ,
ಅದರ ಹೊಟ್ಟೆಯಲ್ಲಿ ನಾವಿಬ್ಬರೂ.
ಅಂದುಂಞಿಚ್ಚ "ಓಡಿಸು" ಅಂದರು.
ಸಂಜೆ ಅವರೇ ಗೋಣಿ ಹಿಡಿದರು,
ರಿಕ್ಷಾದವ ಸೀಟಿಗೆ ಪೇಪರ್ ಹಾಸಿದ.

ಮೃಗಾಸ್ಪತ್ರೆಯಲ್ಲಿ ಚೀಟಿ ಬರೆಯುವ ಹುಡುಗ ಕೇಳಿದ:
ನಾಯಿಯ ಹೆಸರು?
ಇಲ್ಲ.
ಯಾರದ್ದು? ಅಡ್ರೆಸ್?
ಹದಿನಾಲ್ಕು ವರ್ಷ ಬೇರೆಯವರು ಬರೆದದ್ದನ್ನು ಓದಿದವಳು,
ಅವನ ಕೈಯಿಂದ ಪೆನ್ನು ತೆಗೆದುಕೊಂಡೆ.
ಬಲಗಣ್ಣಿಗೆ ಇನ್ನೂ ಹತ್ತಿಯ ಪಟ್ಟಿ.
ಒಂದೇ ಕಣ್ಣಿಗೆ ಗೆರೆ ಎಷ್ಟು ದೂರವೆಂದು ಗೊತ್ತಾಗದೆ
ಅಕ್ಷರ ಸ್ವಲ್ಪ ಕೆಳಗಿಳಿಯಿತು:
ಕೇರಾಫ್ ಜಲಜಾಕ್ಷಿ,
ಮನೆ ನಂಬರು, ಗುಡ್ಡೆಯ ಹೆಸರು, ಪಿನ್‌ಕೋಡು.

ಮೇಜಿನ ಮೇಲೆ ನಾಯಿ
ನಡುಗುತ್ತಾ ನಿಂತಿದ್ದು
ಹಿಂಗಾಲೆತ್ತಿ ಕಿವಿ ಕೆರೆದುಕೊಂಡಿತು.