ಸರಿ ಇದೆ

ರವಿವಾರ. ಶಿರವಾಡದ ಶೆಡ್ಡಿನ ಷಟರು ಅರ್ಧ ಎತ್ತಿ
ಬಗ್ಗಿ ಒಳಗೆ ಹೋಗುತ್ತೇನೆ.
ಶನಿವಾರ ಸಂಜೆ ಒರೆಸಿಟ್ಟ ಉಕ್ಕಿನ ಮೇಲೆ
ಆಗಲೇ ಕೆಂಪು ಹುಡಿ.
ಕಡಲು ಎರಡು ಮೈಲಿ ದೂರ; ಉಪ್ಪಿಗೆ ಅದು ಗೊತ್ತಿಲ್ಲ.

ಒಂದು ನಿಮಿಷ ಬರಿದೇ ಓಡಿಸಿ
ಸ್ಕ್ರೂಡ್ರೈವರಿನ ತುದಿ ಬೇರಿಂಗಿಗೆ, ಹಿಡಿ ನನ್ನ ಕಿವಿಗೆ.
ಗುಂಯ್ ಎಂದರೆ ಸರಿ,
ಮರಳು ಅಗಿದ ಹಾಗೆ ಕೇಳಿದರೆ ಸೋಮವಾರ ರಜೆ.
ಆಮೇಲೆ ಮೇನು ಇಳಿಸುತ್ತೇನೆ.
ಫ್ಲೈವೀಲು ಮಾತ್ರ ನಂಬುವುದಿಲ್ಲ, ಸುತ್ತುತ್ತಲೇ ಇರುತ್ತದೆ,
ಹೊರಟೆ ಹೊರಟೆ ಎಂದು ಬಾಗಿಲಲ್ಲೇ ನಿಂತ ನೆಂಟನ ಹಾಗೆ.
ಕಾಯಬೇಕು.
ಕಾದು, ಮೂರೂ ಫ್ಯೂಜು ಕಿತ್ತು ಕಿಸೆಗೆ.

ಇನಾಸ್ ಬಾಬ ಹೇಳಿಕೊಟ್ಟದ್ದು:
"ಮಷೀನಿನ ಜೀವ ನಿನ್ನ ಕಿಸೆಯಲ್ಲಿರ್ಲಿ ಮಾರಾಯ,
ನಿನ್ನದು ಅದರ ಕಿಸೆಯಲ್ಲಿ ಬೇಡ."
ಅವರ ಎಡಗೈಯ ನಡುಬೆರಳು
ಎರಡನೆಯ ಗಂಟಿಗೇ ನಿಂತಿತ್ತು.
ಗ್ರೀಸು ಹಚ್ಚಲು ಅದೇ ಬೆರಳು ಬೇಕು ಅವರಿಗೆ.
ಎಲ್ಲಿ ಒಣಗಿದೆ ಅಂತ ಇದಕ್ಕೆ ಗೊತ್ತು, ಎನ್ನುತ್ತಿದ್ದರು.

ರ‍್ಯಾಮಿನ ಕೆಳಗೆ ಮರದ ದಿಮ್ಮಿ ಇಡುತ್ತೇನೆ,
ಬೈತಖೋಲದಲ್ಲಿ ಒಡೆದ ದೋಣಿಯೊಂದರ ಅಡ್ಡಮರ.
ಕಡಲನ್ನು ತಡೆಯಲಾಗದ್ದು
ಅರವತ್ಮೂರು ಟನ್ನು ತಡೆಯುತ್ತದೆಯೆ?
ತಡೆದಿದೆ, ಇಷ್ಟು ವರ್ಷ.
ಅದರಡಿ ಕೈ ಹಾಕಿ ಡೈ ಒರೆಸುತ್ತೇನೆ.
ವಾರವಿಡೀ ಗೇರುಬೀಜದ ಡಬ್ಬಿಗೆ ಮುಚ್ಚಳ ಹೊಡೆದ ಡೈ;
ಕೊನೆಯ ಮುಚ್ಚಳದ ಅಂಚಿಗೆ ಉಗುರು ಎಳೆದು ನೋಡುತ್ತೇನೆ.
ಉಗುರು ತಡೆದರೆ ಬಾಯಿ ಮೊಂಡು, ಸಾಣೆಗೆ ಹೋಗಬೇಕು.
ಬೋಲ್ಟು. ಬೆಲ್ಟು. ಎಣ್ಣೆಯ ಬಟ್ಟಲು.
ಕೊಡ್ಕಣಿ ಸಾಹುಕಾರರು ಕೇಳುತ್ತಾರೆ,
"ಓಡುವುದನ್ನು ನಿಲ್ಲಿಸಿ ಏನು ನೋಡ್ತೀಯೋ ದಿನಾ?"
ದಿನಾ ಅಲ್ಲ. ರವಿವಾರ.
ಅದೂ ಒಂದು ರವಿವಾರ ನೋಡಿರಲಿಲ್ಲ.

ಅವತ್ತು ಕಾಳಿ ಸೇತುವೆಯ ಕೆಳಗೆ ಗಾಳ ಹಾಕಿ ಕೂತಿದ್ದೆ.
ನಾಲ್ಕು ನೊಗ್ಲಿ ಸಿಕ್ಕವು, ಒಳ್ಳೆಯ ಗಾತ್ರದವು.
ಸಂಜೆ ಬಂದು ರಿಜಿಸ್ಟರು ತೆಗೆದು
ಮೀನಿನ ವಾಸನೆಯ ಕೈಯಲ್ಲೇ ಬರೆದೆ:
ಕ್ಲಚ್ಚಿನ ಕೀಲಿ, ಸ್ಪ್ರಿಂಗು — ಸರಿ ಇದೆ.
ಅಕ್ಷರ ಚಂದ ಬಂದಿತ್ತು.

ಸೋಮವಾರ ಹತ್ತೂವರೆಗೆ ಸೋಮಿ ಬಂದು ನಿಂತಳು.
ಕೂಗಲಿಲ್ಲ. ಒಂದು ಮುಚ್ಚಳ ನನ್ನ ಮೇಜಿಗಿಟ್ಟಳು:
ಒಂದು ವೃತ್ತದ ಹೊಟ್ಟೆಯನ್ನು ಇನ್ನೊಂದು ವೃತ್ತ
ಕಚ್ಚಿ ತಿಂದಿತ್ತು, ಗ್ರಹಣದಂತೆ.
"ಪೆಡಲು ಒಂದೇ ಸಲ ತುಳಿದದ್ದು," ಅಂದಳು,
"ಅದು ಎರಡು ಸಲ ಬಿತ್ತು."
ನಿನ್ನ ಕೈ?
"ಸೀನು ಬಂತು. ಮೂಗು ಮುಚ್ಚಿಕೊಂಡಿದ್ದೆ."

ಒಂಟಿ ಸೀನು.
ಅಪಶಕುನ ಎಂದು ನನ್ನ ಅವ್ವ
ಹೊರಟವರನ್ನು ಮತ್ತೆ ಕೂರಿಸಿ ನೀರು ಕೊಡುತ್ತಿದ್ದಳು.

ಆ ಮುಚ್ಚಳಕ್ಕೆ ತೂತು ಕೊರೆದು
ರಿಜಿಸ್ಟರಿನ ದಾರಕ್ಕೆ ಕಟ್ಟಿದ್ದೇನೆ.
ಪುಟ ತಿರುಗಿಸಿದಾಗಲೆಲ್ಲ ಟಿಣ್ ಎನ್ನುತ್ತದೆ.
ಸಾಹುಕಾರರು ಕೇಳಿಲ್ಲ, ನಾನು ಹೇಳಿಲ್ಲ.
ಇನಾಸ್ ಬಾಬರಿಗೆ ಹೇಳಬೇಕೆಂದು ಸುಂಕೇರಿಗೆ ಹೋಗಿದ್ದೆ;
ಅವರು ಚಹಾದ ಕಪ್ಪನ್ನು ನಾಲ್ಕೂವರೆ ಬೆರಳಲ್ಲಿ ಹಿಡಿದು
ಹವೆಯ ಬಗ್ಗೆ, ಮೀನಿನ ದರದ ಬಗ್ಗೆ ಮಾತಾಡಿದರು.
ನಾನೂ ಅದನ್ನೇ ಮಾತಾಡಿದೆ.

ಈಗ ಪ್ರತಿ ಸೋಮವಾರ ಎಂಟಕ್ಕೆ ಫ್ಯೂಜು ಹಾಕಿ ಸರಿಯುತ್ತೇನೆ.
ಸೋಮಿ ಕೇಳುತ್ತಾಳೆ, "ನೋಡಿದ್ಯಾ?"
ನೋಡಿದೆ, ಎನ್ನುತ್ತೇನೆ.
ಅವಳು ನಂಬುವುದಿಲ್ಲ. ನಂಬಬಾರದು.
ತಗಡು ಇಡದೆ, ಕೈ ಎರಡೂ ಬೆನ್ನ ಹಿಂದೆ ಕಟ್ಟಿ
ಒಮ್ಮೆ ಪೆಡಲು ತುಳಿಯುತ್ತಾಳೆ.
ಧಡ್.
"ಒಂದು," ಎಂದು ಎಣಿಸಿ
ಎರಡಕ್ಕಾಗಿ ಕಾಯುತ್ತಾಳೆ.
ನಾನೂ ಕಾಯುತ್ತೇನೆ.
ಆಮೇಲೆ ಬಳೆ ಮೇಲೇರಿಸಿ, ತಗಡಿಗೆ ಕೈ ಚಾಚುತ್ತಾಳೆ.