ಹಾಜರಿ

ಒಂಬತ್ತು ಹಾಡು, ಮೂವತ್ತೊಂದು ನಿಮಿಷ.
ಹೆಸರು ‘ಹಾಜರಿ’. ಮಾಡಿದವನು
ನಮ್ಮ ಏಳನೇ ಲೈನಿನ ತೋಲನ ಮಗ ಬಿಜು.
ಮೆಣಸಿನ ಏಣಿಯಿಂದ ಬಿದ್ದು ಕಾಲು ಮುರಿದ ವರ್ಷ
ಮಲಗಿದಲ್ಲೇ ಫೋನಿನಲ್ಲಿ ಕಲಿತನಂತೆ.

ಸಿದ್ದಾಪುರದ ಸಂತೆಯ ದಿನ ನನಗೆ ಮೊದಲು ಸಿಕ್ಕಿತು.
ಕೇಳಿದೆ ಅನ್ನಲಾರೆ, ಎದೆಗೂಡಿಗೆ ತಾಗಿತು.
ಮೊಯ್ದುವಿನ ಮೊಬೈಲ್ ಅಂಗಡಿಯ ಗಾಜು ನಡುಗುತ್ತಿತ್ತು,
ಪಕ್ಕದ ಮತ್ತಿ ಮೀನಿನ ಬುಟ್ಟಿಯ ನೊಣಗಳು
ಎದ್ದು ಕೂತು ಎದ್ದು ಕೂತು ತಾಳ ಹಿಡಿದಿದ್ದವು.
‘ಬೇಸ್ ನೋಡಿ ರೈಟ್ರೆ, ಬೇಸು!
ಮಾತು ಬಿಡಿ, ಮಾತು ಎಲ್ಲಾ ಕಡೆ ಸಿಗ್ತದೆ.’

ಜೀಪಿನ ಪೆಮ್ಮಯ್ಯನಿಗೆ ಎರಡನೆಯದು ಮಾತ್ರ ಇಷ್ಟ,
ಅದರಲ್ಲಿ ಪಲ್ಪರ್ ಯಂತ್ರವೇ ಡ್ರಮ್ಮು.
ಆನೆ ಓಡಿಸಲು ಆಗುತ್ತದೆಂದು
ರಾತ್ರಿಯಿಡೀ ಗೇಟಿನ ಬಳಿ ಹಾಕಿಟ್ಟ.
ಆನೆ ಬಂತು. ಹಲಸು ಇಳಿಸಿತು.
ಪೂರ್ತಿ ಕೇಳಿಕೊಂಡು ಹೋಯಿತು.

ಸುಬೇದಾರ್ ಬೆಳ್ಯಪ್ಪ ಗುಡುಗಿದರು:
‘ದುಡಿಯ ಪೆಟ್ಟನ್ನು ತುಂಡು ತುಂಡು ಮಾಡಿ
ಕಂಪ್ಯೂಟರಿಗೆ ಹಾಕಿದ್ದಾನೆ, ಯಾರನ್ನು ಕೇಳಿ?’
ಅಕ್ಕಿಯ ಕ್ಯೂವಿನ ಹಿಂದಿನಿಂದ ಬಿಜುವಿನ ಅಜ್ಜಿ:
‘ದುಡಿ ನಮ್ಮಲ್ಲೂ ಉಂಟಲ್ಲ ಸಾಮಿ.
ನೀವು ಯಾರನ್ನು ಕೇಳಿದ್ರಿ?’
ಕ್ಯೂ ಒಂದು ಹೆಜ್ಜೆ ಮುಂದೆ ಹೋಯಿತು, ಅಷ್ಟೆ.

ಅಸ್ಸಾಮಿನ ಹುಡುಗರಿಗೆ ಒಂದು ಪದವೂ ತಿಳಿಯದು.
ಅವರೇ ಹೆಚ್ಚು ಕುಣಿದರು, ಗಂಬೂಟಿನಲ್ಲೇ, ಶೆಡ್ಡಿನ ಹಿಂದೆ,
ಐದನೆಯದಕ್ಕೆ. ಅದು ಕಾಡಿನಿಂದ ಎತ್ತಿ ತಂದವರ ಲೆಕ್ಕ:
ಲಾರಿ ಹತ್ತಿದ ಪಾತ್ರೆ ಎಷ್ಟು, ಕೋಳಿ ಎಷ್ಟು,
ಹತ್ತದೆ ಉಳಿದ ದೇವರ ಕಲ್ಲು ಎಷ್ಟು.
ಒಬ್ಬ ಬೆವರೊರೆಸಿ ಕೇಳಿದ, ಮದುವೆ ಹಾಡಾ ಇದು?
ಹೌದು ಅಂದೆ. ಯಾಕೆ ಹಾಗಂದೆನೋ.

ಸಾಹುಕಾರರ ಸೊಸೆಯ ಹೋಂಸ್ಟೇಯಲ್ಲೂ ಹಾಕಿದರಂತೆ,
ಬೆಂಕಿಯ ಸುತ್ತ, ಹಂದಿ ಕರಿಯ ಜೊತೆ.
ಎಸ್ಟೇಟಿನ ಹೆಸರು ಬಂದಾಗ
ಅತಿಥಿಗಳು ಚಪ್ಪಾಳೆ ತಟ್ಟಿದರಂತೆ.

ಮೂರನೆಯ ಹಾಡಿನ ಬಗ್ಗೆ ಮಾತ್ರ ಯಾರೂ ಆಡಲಿಲ್ಲ.
ನಾನು ಹತ್ತಿರ ಬಂದರೆ ಫೋನು ತಣ್ಣಗಾಗುತ್ತಿತ್ತು.

ವಿರಾಜಪೇಟೆಯ ಕಾಲೇಜಿನಿಂದ ಬಂದ ಮಗಳು
ತನ್ನ ಕಿವಿಯಿಂದ ಒಂದು ಬಿರಡೆ ತೆಗೆದು
ನನ್ನ ಕಿವಿಗೆ ಸಿಕ್ಕಿಸಿದಳು.
‘ಅಪ್ಪ, ಇದು ನೀನು.’

ಮೊದಲು ಕೆಮ್ಮು. ನನ್ನದೇ.
ಆಮೇಲೆ ಕಾಫಿ ಕಣದ ಬೆಳಗು, ಹುಂಜ, ಪುಸ್ತಕದ ಹಾಳೆ.
ಚೋಮಿ. ಚೋಮಿ ಎರಡು. ಚೋಮಿ ಮೂರು.
ಕುಂಟ ಬೊಳಕ. ಮೂಗಿ.
ಹೆಸರಿಗೊಂದು ಪೆಟ್ಟು, ನೆಲದಡಿಯಿಂದ.
ಹೊಸಬಳು.
ಅಲ್ಲಿಗೆ ಬಂದು ಹಾಡು ಸಿಕ್ಕಿಕೊಂಡಿತು.
ಹೊಸಬಳು ಹೊಸಬಳು ಹೊಸಬಳು
ಎಣಿಸಿದೆ, ಎಣಿಸುವುದೇ ನನ್ನ ಕೆಲಸ,
ಹನ್ನೊಂದು ಸಲ.
ಅವಳು ಕೆಲಸಕ್ಕೆ ಸೇರಿ ಹನ್ನೊಂದು ವರ್ಷ.

ಬೇರೆ ಮಾತೇ ಇಲ್ಲ ಆ ಹಾಡಿನಲ್ಲಿ.
ಬೈದಿದ್ದರೆ ಉತ್ತರವಿತ್ತು ನನ್ನಲ್ಲಿ:
ಸಂಬಳ ಒಂದು ರೂಪಾಯಿ ಹಿಡಿದವನಲ್ಲ,
ಗೊಬ್ಬರದ ಚೀಲ ಕದ್ದವನಲ್ಲ.
ಬೈದಿರಲಿಲ್ಲ. ಕೆಮ್ಮನ್ನೂ ಸೇರಿಸಿ
ಇದ್ದದ್ದನ್ನು ಇದ್ದ ಹಾಗೆ ಇಟ್ಟಿದ್ದ.

ಮಾರನೆಯ ಬೆಳಗು, ಆರೂ ಮುಕ್ಕಾಲು, ಮಂಜು.
ಚೋಮಿಯರು ಮುಗಿದರು, ಬೊಳಕ ಮುಗಿದ.
ನಾಲಿಗೆ ನಿಂತಿತು.
ಅವಳು ಸೊಂಟಕ್ಕೆ ಚೀಲ ಕಟ್ಟುತ್ತಿದ್ದಳು.
‘ನಿನ್ನ ಹೆಸರೇನು?’
ಕಣದ ತುಂಬ ಸದ್ದಡಗಿತು.
ಅವಳು ಗಂಟು ಬಿಗಿದು ಮುಗಿಸಿ,
ತಲೆ ಎತ್ತದೆಯೇ ಅಂದಳು:
‘ಒಂಬತ್ತನೇದು ಕೇಳಿಲ್ವಾ ರೈಟ್ರೆ?’

ಅಲ್ಲಿಯವರೆಗೆ ನಾನು ಹೋಗಿರಲಿಲ್ಲ.
ಆ ಸಾಲು ಖಾಲಿ ಬಿಟ್ಟು
ಮುಂದಿನ ಹೆಸರು ಕೂಗಿದೆ.
ದನಿ ಯಾಕೋ ತಾಳ ತಪ್ಪಿತು.
ಹಿಂದಿನಿಂದ ಯಾರೋ
ಕೈತಟ್ಟಿ ಸರಿಮಾಡಿದರು.