ಏಳನೇ ‘ಬಿ’ಯ ಕತ್ತಲೆ ಪೀರಿಯಡ್

ಮೂರು ಕಿಟಕಿಗೆ ಕಪ್ಪು ಚಾರ್ಟು,
ನಾಲ್ಕನೆಯದಕ್ಕೆ ಸಾಲಲಿಲ್ಲ.
ಬಿಸಿಯೂಟದ ಗೌರಕ್ಕ ಅಕ್ಕಿಚೀಲ ಕೊಟ್ಟರು,
ಅದು ಜರಡಿಯಂತೆ ಬೆಳಕು ಸೋಸಿತು.
ಕೊನೆಗೆ ನನ್ನ ಹಳೇ ಕೊಡೆ ಬಿಚ್ಚಿ ಒತ್ತಿಟ್ಟು
ಬಾಗಿಲ ಸಂದಿಗೆ ಯಾರದೋ ಸ್ವೆಟರು ತುರುಕಿ
ಶ್ರೀರಾಂಪುರದ ಬೆಳಗಿನ ಹನ್ನೊಂದು ಗಂಟೆಯನ್ನು
ಹೊರಗೇ ನಿಲ್ಲಿಸಿದೆವು.

ಹದಿನೆಂಟು ವರ್ಷ ಬರೆದಿದ್ದೇನೆ ಬೋರ್ಡಿನ ಮೇಲೆ,
‘ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ.’
ಬರೆಯುವಾಗ ನನ್ನ ಸಾಲೇ ಸೊಟ್ಟ.
ನಿಜ ಹೇಳಬೇಕೆಂದರೆ ನಾನೂ ಕಂಡವಳಲ್ಲ,
ನನಗೆ ಕಲಿಸಿದ ಮೇಷ್ಟ್ರೂ ಕಂಡಿರಲಿಲ್ಲ.
ಉರು ಹೊಡೆದದ್ದು ಉರುಳುರುಳಿ
ಇಲ್ಲಿಯವರೆಗೆ ಬಂದಿತ್ತು.

ಹೋದ ವಾರ ಕದಿರವನ್ ತಂದಿದ್ದ
ಅವರಪ್ಪ ದುಡಿಯುವ ಗಾಜಿನಂಗಡಿಯಿಂದ
ಕತ್ತರಿಸಿ ಉಳಿದ ಕನ್ನಡಿ ಪಟ್ಟಿ,
ಅಂಚಿಗೆಲ್ಲ ತಾನೇ ಟೇಪು ಸುತ್ತಿ.
“ಕನ್ನಡಿಯೊಳಗಿನ ಗಂಟು ಅಂತಾರಲ್ಲ,
ಪುಸ್ತಕ ಅದನ್ನೇ ಮಿಥ್ಯಾ ಪ್ರತಿಬಿಂಬ ಅನ್ನುತ್ತೆ” ಎಂದೆ.
ತಬಸ್ಸುಮ್ ಕನ್ನಡಿಯ ಹಿಂದೆ ಕೈಯಾಡಿಸಿ
“ಖಾಲಿ, ಮಿಸ್” ಎಂದು ವರದಿ ಒಪ್ಪಿಸಿದಳು.
ನಿನ್ನ ಹೆಸರಲ್ಲೇ ಕದಿರು ಇದೆಯಲ್ಲೋ, ಕಿರಣ ಅಂತ,
ಅಂದರೆ ಹುಡುಗ ನಾಚಿದ.
ಅವರ ಮನೆಮಾತಲ್ಲಿ ಇಡೀ ಸೂರ್ಯನಂತೆ.

ಇವತ್ತು ಚಾರ್ಟಿಗೆ ಒಂದೇ ತೂತು,
ಉದ್ದಿನಕಾಳಿನಷ್ಟು.

ಮೊದಲು ಏನಿಲ್ಲ.
ಕತ್ತಲು, ಕಿಸಕಿಸ, ಯಾರದೋ ಡಬ್ಬಿಯ ಚಿತ್ರಾನ್ನ.
ತಾಳ್ರೋ, ಕಣ್ಣು ಒಗ್ಗಬೇಕು ಎಂದೆ.
ನನಗೇ ಒಳಗೊಳಗೆ ಅನುಮಾನ.

ಆಮೇಲೆ ಎದುರು ಗೋಡೆಯಲ್ಲಿ, ಮಳೆನೀರು ಸೋರಿದ ಕಲೆಯ ಪಕ್ಕ,
ಅಲುಗಿತು ಏನೋ, ನೀರಿಗೆ ಬಿದ್ದ ಬಣ್ಣದ ಹಾಗೆ.
ಮೇಲೆ ರಸ್ತೆ.
ರಸ್ತೆಯಿಂದ ಜೋತುಬಿದ್ದ ಹೊಂಗೆಮರ,
ಎಲೆ ಉದುರುವುದು ಮೇಲಕ್ಕೆ.
ಕೆಳಗೆ, ನಮ್ಮ ಚಪ್ಪಲಿ ಸಾಲಿನ ಹತ್ತಿರ,
ಅಂಗಾತ ಬಿದ್ದುಕೊಂಡೇ ಮೆಟ್ರೋ ಹೋಯಿತು.
ಒಬ್ಬ ಪ್ರಯಾಣಿಕನೂ ಉದುರಲಿಲ್ಲ.

ಅಷ್ಟೇ, ಕ್ಲಾಸು ಕ್ಲಾಸಾಗಿ ಉಳಿಯಲಿಲ್ಲ.
ಬೆಂಚು ಹತ್ತಿದರು. ಬಗ್ಗಿ
ಕಾಲ ಸಂದಿಯಿಂದ ನೋಡಿ
ಊರನ್ನು ನೆಟ್ಟಗೆ ಮಾಡಿಕೊಂಡರು.

ಆಗ ಬಂತು ಒಂದು ಹಸಿರು ಕೋಟು,
ಕಾಲು ಮೇಲೆ, ತಲೆ ಕೆಳಗೆ,
ಕೈಯಲ್ಲಿ ಉದ್ದ ಪೊರಕೆ.
“ಮಿಸ್, ಸೂರಿನ ಜೇಡರಬಲೆ ತೆಗೀತಾವ್ರೆ!”
ಗೊಳ್ಳೆಂದು ನಗು.
ಐದು ಬೀಸಿಗೊಮ್ಮೆ ನಿಂತು
ಸೊಂಟಕ್ಕೆ ಕೈ ಕೊಡುವ ಆ ಹಸಿರು.

“ನಮ್ಮಮ್ಮ.”
ಹಿಂದಿನ ಬೆಂಚಿನಿಂದ, ಸುಕನ್ಯ.
ರಿಜಿಸ್ಟರಿನಲ್ಲಿ ತಾಯಿಯ ಉದ್ಯೋಗ ‘ಆಫೀಸು’
ಎಂದು ಬರೆಸಿದ್ದವಳು.
ನಗು ಎಲ್ಲಿ ಅಡಗಿತೋ, ಕತ್ತಲಲ್ಲಿ ಕಾಣಲಿಲ್ಲ.
“ಸೂಪರ್‌ವೈಸರ್ ಹೇಳಿದ್ರೆ
ಜೇಡರಬಲೇನೂ ತೆಗೀಬೇಕು” ಎಂದಳು ಅವಳೇ, ತಣ್ಣಗೆ.

ಸೀಮೆಸುಣ್ಣ ಹಿಡಿದು ಗೋಡೆಗೆ ನಡೆದಳು.
ಕಾಲಿಂದ ಶುರುಮಾಡಿದಳು, ಮೇಲಿಂದ ಕೆಳಕ್ಕೆ.
ಹಸಿರು ಕೋಟು ಯೂನಿಫಾರ್ಮಿನ ತೋಳ ಮೇಲೆ ಬಿತ್ತು,
ಗೆರೆ ಹಿಂದುಳಿಯಿತು, ಕೋಟು ಮುಂದೆ ಹೋಯಿತು.
“ನಿಲ್ಲಮ್ಮಾ, ಒಂದ್ನಿಮಿಷ”
ಅನ್ನುತ್ತಾಳೆ ಗೋಡೆಗೆ.

ಬೆಲ್ಲು.
ಯಾರೋ ಕೊಡೆ ಎಳೆದರು.
ಹನ್ನೊಂದು ಗಂಟೆಯೆಲ್ಲ ಒಟ್ಟಿಗೆ ಒಳನುಗ್ಗಿ
ಗೋಡೆ ಬರೀ ಗೋಡೆ, ಕಲೆ ಬರೀ ಕಲೆ,
ಎರಡು ಪಾದ, ಅರ್ಧ ಪೊರಕೆ, ಬಿಳಿ ಗೆರೆಯಲ್ಲಿ.

ಚಟುವಟಿಕೆ ಪುಸ್ತಕದಲ್ಲಿ ಬರೆಯಬೇಕಿತ್ತು.
ಪ್ರತಿಬಿಂಬದ ಸ್ವಭಾವ:
ಚಿಕ್ಕದು, ತಲೆಕೆಳಗು, ಸತ್ಯ.
“ಸತ್ಯ ಯಾಕೆ ಮಿಸ್?” ತಬಸ್ಸುಮ್ ಬಿಡುವವಳಲ್ಲ.
ಪರದೆಯ ಮೇಲೆ ಹಿಡಿಯಬಹುದಲ್ಲ, ಅದಕ್ಕೆ,
ಎಂದೆ, ಪುಸ್ತಕದಲ್ಲಿದ್ದದ್ದನ್ನೇ.

“ಹಿಡಿಯೋಕಾಗ್ಲಿಲ್ಲ ಮಿಸ್”
ಸುಕನ್ಯ ಲಂಗಕ್ಕೆ ಕೈ ಒರೆಸಿಕೊಂಡಳು,
“ಎರಡು ಗಂಟೇಲಿ ಇನ್ನೂ ಮೂರು ಬೀದಿ ಇದೆ ಅವ್ರಿಗೆ.”